ಯಾವ ಪಾತ್ರೆಗೆ ಯಾವ ಮಣ್ಣು? ಕುಂಬಾರಿಕೆಯ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಣ್ಣಿನ ಆಯ್ಕೆಗೆ ಸಂಬಂಧಿಸಿದವು. ಬರೆದವರ ಊರುಗಳನ್ನು ಗಮನಿಸಿದರೆ ಇದು ಸಹಜವೇ ಆಗಿದೆ. ಖಾನಾಪುರದಿಂದ ಸಿಂದಗಿಯವರೆಗೆ ಪ್ರಯಾಣ ಮಾಡಿದವರು ಬಸ್ಸಿನ ಕಿಟಕಿಯಿಂದಲೇ ನೆಲದ ಬಣ್ಣ ಬದಲಾಗುವುದನ್ನು ಕಂಡಿರುತ್ತಾರೆ: ಸಹ್ಯಾದ್ರಿಯ ಮಗ್ಗುಲಲ್ಲಿ ಮಳೆಗೆ ತೊಳೆದು ಕೆಂಪಾದ ಜಂಬಿಟ್ಟಿಗೆಯ ನೆಲ, ಬಾದಾಮಿಯ ಸುತ್ತ ಮರಳುಗಲ್ಲಿನ ಮಸಾರಿ, ಲೋಕಾಪುರದ ಕಡೆ ಸುಣ್ಣಕಲ್ಲು, ವಿಜಯಪುರ ದಾಟಿದ ಮೇಲೆ ಕಣ್ಣು ಹಾಯುವಷ್ಟು ದೂರ ಎರೆ. ಹೀಗಿರುವಾಗ ಒಂದು ಊರಿನ ಕುಂಬಾರರ ಅಳತೆಯನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಅನುಸರಿಸಿದರೆ ಕೆಲಸ ಕೆಡುವುದು ಖಂಡಿತ.

ಪ್ರಶ್ನೆ: ನಮ್ಮ ಹೊಲದ ಎರೆ ಮಣ್ಣಿನಿಂದ ಹೂವಿನ ಕುಂಡ ಮತ್ತು ಗಡಿಗೆಗಳನ್ನು ಮಾಡುತ್ತಿದ್ದೇನೆ. ನೆರಳಿನಲ್ಲಿ ಒಣಗಿಸಿದರೂ ಅರ್ಧಕ್ಕರ್ಧ ಸೀಳುತ್ತವೆ. ಉಳಿದವು ಆವಿಗೆಯಿಂದ ಚೆನ್ನಾಗಿಯೇ ಹೊರಬಂದರೂ ಎಂಟು-ಹತ್ತು ದಿನಗಳಲ್ಲಿ ಮೈಮೇಲಿನ ಚಕ್ಕೆಗಳು ಹಾರಿ ಗುಂಡಿ ಬೀಳುತ್ತವೆ. ಸುಡುವುದರಲ್ಲಿ ತಪ್ಪಿದೆಯೇ? (ಜಮಖಂಡಿ ತಾಲ್ಲೂಕಿನ ಓದುಗರು)

ಉತ್ತರ: ನಿಮ್ಮ ತೊಂದರೆ ಒಂದಲ್ಲ, ಎರಡು. ಎರಡಕ್ಕೂ ಕಾರಣ ಮಣ್ಣಿನಲ್ಲಿಯೇ ಇದೆ, ಆದರೆ ಬೇರೆ ಬೇರೆ ಕಡೆ ಇದೆ.

ಮೊದಲು ಸೀಳುವುದನ್ನು ನೋಡೋಣ. ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜಾತಿಯ ಜೇಡಿ ಖನಿಜ ಹೆಚ್ಚಾಗಿರುತ್ತದೆ. ಇದರ ಕಣಗಳು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿದ್ದು, ನೀರು ಕಣದ ಸುತ್ತ ನಿಲ್ಲುವುದಲ್ಲದೆ ಪದರಗಳ ನಡುವೆಯೂ ಸೇರಿಕೊಂಡು ಮಣ್ಣನ್ನು ಉಬ್ಬಿಸುತ್ತದೆ. ಒಣಗುವಾಗ ಅಷ್ಟೂ ನೀರು ಹೊರಟು ಮಣ್ಣು ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಏಪ್ರಿಲ್ ತಿಂಗಳಿನಲ್ಲಿ ನಿಮ್ಮ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದಲ್ಲವೇ, ಅದೇ ಬಿರುಕು ನಿಮ್ಮ ಗಡಿಗೆಯ ಗೋಡೆಯಲ್ಲಿಯೂ ಬೀಳುತ್ತಿದೆ. ಇದನ್ನು ಬರಿ ನೆರಳಿನಿಂದ ತಡೆಯಲಾಗುವುದಿಲ್ಲ.

ಕುಗ್ಗುವಿಕೆಯನ್ನು ಅಳೆಯಲು ಯಾವ ಯಂತ್ರವೂ ಬೇಕಿಲ್ಲ. ಹದ ಮಾಡಿದ ಮಣ್ಣಿನಿಂದ 14 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲ, 1 ಸೆಂಟಿಮೀಟರ್ ದಪ್ಪದ ಪಟ್ಟಿಯನ್ನು ಮಾಡಿ, ಅದರ ಮೇಲೆ ಚೂಪಾದ ಮೊಳೆಯಿಂದ ಸರಿಯಾಗಿ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಪೂರ್ತಿ ಒಣಗಿದ ಮೇಲೆ ಆ ಗೆರೆಯನ್ನು ಮತ್ತೆ ಅಳೆಯಿರಿ. ಎಷ್ಟು ಮಿಲಿಮೀಟರ್ ಕಡಿಮೆಯಾಗಿದೆಯೋ ಅಷ್ಟೇ ಶೇಕಡಾ ಕುಗ್ಗಿದೆ ಎಂದು ಲೆಕ್ಕ. 93 ಮಿಲಿಮೀಟರ್ ಉಳಿದರೆ ಕುಗ್ಗುವಿಕೆ ಶೇಕಡಾ 7. ಅದು ಕೆಲಸಕ್ಕೆ ಒದಗುವ ಮಣ್ಣು. ಬರಿ ಎರೆಯಿಂದ ಮಾಡಿದ ನನ್ನ ಪಟ್ಟಿಗಳಲ್ಲಿ ಗೆರೆ 88ಕ್ಕೂ ಕೆಳಗೆ ಇಳಿದದ್ದುಂಟು, ಪಟ್ಟಿಯೇ ದೋಣಿಯಂತೆ ಬಾಗಿದ್ದೂ ಉಂಟು. ಆದ್ದರಿಂದ ಎರೆಯನ್ನು ಮುಖ್ಯ ಮಣ್ಣಾಗಿ ಬಳಸದೆ, ಕೆರೆಯಂಗಳದ ಅಥವಾ ಹಳ್ಳದ ದಂಡೆಯ ಕೆಂಪು ಜೇಡಿಗೆ ಜಿಗುಟು ಕೊಡುವ ಕೂಡುಮಣ್ಣಾಗಿ ಬಳಸಿರಿ. ನೂರಕ್ಕೆ 20, 30, 40 ಭಾಗ ಎರೆ ಇರುವ ಮೂರು ಮಿಶ್ರಣಗಳನ್ನು ಮಾಡಿ, ಪ್ರತಿಯೊಂದಕ್ಕೂ ಜರಡಿ ಹಿಡಿದ ಸಣ್ಣ ಉಸುಕನ್ನು ಅಥವಾ ಸುಟ್ಟ ಗಡಿಗೆಯ ಚೂರುಗಳನ್ನು ಕುಟ್ಟಿದ ಪುಡಿಯನ್ನು 15 ಭಾಗದಷ್ಟು ಬೆರೆಸಿ, ಪಟ್ಟಿಗಳನ್ನು ಒಣಗಿಸಿ ಹೋಲಿಸಿರಿ. ಪುಡಿ ಒಮ್ಮೆ ಸುಟ್ಟದ್ದಾದ್ದರಿಂದ ಮತ್ತೆ ಕುಗ್ಗುವುದಿಲ್ಲ. ಒಳಗಿನ ನೀರು ಹೊರಬರಲು ದಾರಿಯನ್ನೂ ಬಿಡುತ್ತದೆ.

ಇನ್ನು ಚಕ್ಕೆ ಹಾರುವ ವಿಷಯ. ಗುಂಡಿಯ ತಳವನ್ನು ಹತ್ತಿರದಿಂದ ನೋಡಿರಿ; ಸಾಸಿವೆಯಷ್ಟೋ ಜೋಳದ ಕಾಳಿನಷ್ಟೋ ಇರುವ ಬಿಳಿ ಚುಕ್ಕೆ ಕಾಣುತ್ತದೆ. ಅದು ಸುಣ್ಣ. ಎರೆಯಲ್ಲಿರುವ ಸುಣ್ಣದ ಹರಳು ಸುಮಾರು 800 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖದಲ್ಲಿ ಸುಟ್ಟಸುಣ್ಣವಾಗುತ್ತದೆ. ಆವಿಗೆಯಿಂದ ಹೊರಬಂದ ಮೇಲೆ ಅದು ಗಾಳಿಯ ತೇವವನ್ನು ಹೀರಿ ಅರಳುತ್ತದೆ. ಗೋಡೆಗೆ ಬಳಿಯುವ ಸುಣ್ಣವನ್ನು ನೀರಿಗೆ ಹಾಕಿದಾಗ ಕುದಿದು ಉಬ್ಬುವುದನ್ನು ನೋಡಿದವರಿಗೆ ಅದರ ಬಲ ಗೊತ್ತು. ಗಡಿಗೆಯ ಗೋಡೆಯೊಳಗೆ ಅದೇ ಕ್ರಿಯೆ ನಿಧಾನವಾಗಿ ನಡೆದು, ಮೇಲಿನ ಚಕ್ಕೆಯನ್ನು ಹೊರಗೆ ನೂಕುತ್ತದೆ.

ಮಣ್ಣು ತರುವ ಮೊದಲೇ ಒಣಗಿದ ಹೆಂಟೆಯ ಪುಡಿಯ ಮೇಲೆ ವಿನೆಗರ್ ಅಥವಾ ನಿಂಬೆರಸ ಹಾಕಿ ನೋಡಿರಿ. ಬುರುಗು ಎದ್ದರೆ ಸುಣ್ಣವಿದೆ ಎಂದು ತಿಳಿಯಬೇಕು. ಹಾಗೆಂದು ಆ ಮಣ್ಣನ್ನು ಬಿಟ್ಟೇಬಿಡಬೇಕೆಂದಿಲ್ಲ, ಏಕೆಂದರೆ ಹಿಟ್ಟಿನಂತೆ ಸಣ್ಣಗಿರುವ ಸುಣ್ಣ ತೊಂದರೆ ಕೊಡುವುದಿಲ್ಲ, ಹರಳು ಮಾತ್ರ ಕೊಡುತ್ತದೆ. ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಒಣ ಮಣ್ಣನ್ನು ಮೊದಲು ಬಡಿಗೆಯಿಂದ ಕುಟ್ಟುವುದು. ಕುಟ್ಟಿದಾಗ ದೊಡ್ಡ ಹರಳು ಹತ್ತು ಸಣ್ಣ ಹರಳುಗಳಾಗಿ ಜರಡಿಯಿಂದ ನುಸುಳಿ ಹೋಗುತ್ತದೆ. ಕುಟ್ಟದೆ ಹೆಂಟೆಗಳನ್ನು ಹಾಗೆಯೇ ನೀರಿನ ತೊಟ್ಟಿಯಲ್ಲಿ ಎರಡು ದಿನ ನೆನೆಯಲು ಬಿಟ್ಟರೆ ಜೇಡಿ ತಾನಾಗಿಯೇ ಕರಗಿ ರಾಡಿಯಾಗುತ್ತದೆ, ಹರಳು ಕರಗದೆ ಉಳಿಯುತ್ತದೆ. ಆ ರಾಡಿಯನ್ನು 60 ಮೆಶ್ ಜರಡಿಯಲ್ಲಿ, ಅಂದರೆ ಅಂಗುಲಕ್ಕೆ 60 ಕಣ್ಣುಗಳಿರುವ ಜರಡಿಯಲ್ಲಿ, ಸೋಸಿ, ಬಟ್ಟೆಯ ಮೇಲೆ ಸುರಿದು ಹದಕ್ಕೆ ಬರುವವರೆಗೆ ಆರಿಸಿರಿ. ಈಗಾಗಲೇ ಮಾಡಿಟ್ಟಿರುವ, ಇನ್ನೂ ಸುಡದ ಗಡಿಗೆಗಳಿದ್ದರೆ, ಮುಂದಿನ ಸಲ ಆವಿಗೆ ಬಿಚ್ಚಿದ ಕೂಡಲೇ, ಕೈಗೆ ಇನ್ನೂ ಬೆಚ್ಚಗಿರುವಾಗಲೇ, ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿ ತೆಗೆಯಿರಿ. ಸುಣ್ಣ ಆ ನೀರಿನಲ್ಲಿಯೇ ಅರಳಿ ಮೆತ್ತಗಾಗುವುದರಿಂದ ಚಕ್ಕೆ ಹಾರುವುದು ಬಹುಮಟ್ಟಿಗೆ ನಿಲ್ಲುತ್ತದೆ.

ನೀರಾವರಿಯಿಂದ ಸವಳು ಬಿದ್ದ ಹೊಲದ ಮಣ್ಣನ್ನು ಮಾತ್ರ ತರಬೇಡಿರಿ. ಅದರಲ್ಲಿರುವ ಉಪ್ಪು ಒಣಗುವಾಗ ಮೈಮೇಲೆ ಬಂದು, ಸುಟ್ಟ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ. ಜರಡಿಯಿಂದ ಅದು ಹೋಗುವುದಿಲ್ಲ.

ಪ್ರಶ್ನೆ: ಹವ್ಯಾಸಕ್ಕಾಗಿ ವಿದ್ಯುತ್ ತಿಗರಿಯನ್ನೂ 1250 ಡಿಗ್ರಿಯವರೆಗೆ ಕಾಯುವ ಸಣ್ಣ ಭಟ್ಟಿಯನ್ನೂ ಕೊಂಡಿದ್ದೇನೆ. ಚಹಾ ಕಪ್ಪು, ತಟ್ಟೆ, ಬಟ್ಟಲುಗಳನ್ನು ಮಾಡುವ ಆಸೆ. ಖಾನಾಪುರದ ಕೆಂಪು ಮಣ್ಣು ಹತ್ತಿರದಲ್ಲಿಯೇ ಸಿಗುತ್ತದೆ. ಹೆಚ್ಚಿನ ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಮಣ್ಣನ್ನು ಚೀಲದಲ್ಲಿ ದೂರದಿಂದ ತರಿಸಬೇಕು, ದುಬಾರಿ. ಯಾವುದು ಸರಿ? (ಬೆಳಗಾವಿ ನಗರದ ಓದುಗರು)

ಉತ್ತರ: ಕಪ್ಪು ಮತ್ತು ತಟ್ಟೆಗಳಿಗೆ ದುಬಾರಿಯಾದರೂ ಸ್ಟೋನ್‌ವೇರ್ ತರಿಸಿರಿ. ಖಾನಾಪುರದ ಮಣ್ಣು ಕೀಳೆಂದು ಈ ಮಾತು ಹೇಳುತ್ತಿಲ್ಲ. ಹೆಂಚು, ಹೂಜಿ, ಕುಂಡಗಳಿಗೆ ಆ ಮಣ್ಣು ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೂ ಆ ಊರಿನಲ್ಲಿಯೇ ಇದೆ. ಆದರೆ ಪ್ರತಿ ಮಣ್ಣಿಗೂ ತಾನು ಗಟ್ಟಿಯಾಗುವ ಶಾಖವೊಂದು, ಕರಗುವ ಶಾಖವೊಂದು ಇರುತ್ತದೆ, ಮತ್ತು ಕೆಂಪು ಮಣ್ಣಿನಲ್ಲಿ ಇವೆರಡರ ನಡುವಿನ ಅಂತರ ಬಹಳ ಕಡಿಮೆ.

ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್ ಹೆಚ್ಚಿನ ಶಾಖದಲ್ಲಿ ಮಣ್ಣನ್ನು ಬೇಗ ಕರಗಿಸುತ್ತದೆ. ಆದ್ದರಿಂದ ಸಾಮಾನ್ಯವಾದ ಕೆಂಪು ಮಣ್ಣನ್ನು 1000ದಿಂದ 1100 ಡಿಗ್ರಿಯೊಳಗೆ ಸುಡಬೇಕು; ಅದಕ್ಕಿಂತ ಮೇಲೆ ಹೋದರೆ ಕಂದಾಗಿ, ಉಬ್ಬಿ, ಕೊನೆಗೆ ಕುಸಿಯುತ್ತದೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ವ್ಯಾಪಾರಿಯಿಂದ ಸ್ಟೋನ್‌ವೇರ್ ಎಂದು ಬರೆದಿದ್ದ ಚೀಲವೊಂದನ್ನು ಕೊಂಡು, ಪರೀಕ್ಷೆ ಮಾಡದೆ ಹದಿನಾರು ತಟ್ಟೆಗಳನ್ನು 1220 ಡಿಗ್ರಿಗೆ ಏರಿಸಿದ್ದೆ. ಮರುದಿನ ಭಟ್ಟಿಯ ಬಾಗಿಲು ತೆಗೆದಾಗ ತಟ್ಟೆಗಳು ಬೆಲ್ಲದ ಪಾಕದಂತೆ ಹಲಗೆಯ ಮೇಲೆ ಹರಿದು ಆರಿದ್ದವು. ಮಣ್ಣು ಹೋದದ್ದಕ್ಕಿಂತ ಹೆಚ್ಚಾಗಿ ಭಟ್ಟಿಯ ಹಲಗೆಗಳು ಹೋದದ್ದಕ್ಕೆ ಮರುಗಿದೆ, ಏಕೆಂದರೆ ಅವುಗಳ ಬೆಲೆಯೇ ಹೆಚ್ಚು. ಅಂದಿನಿಂದ ಹೊಸ ಚೀಲ ಬಂದಾಗಲೆಲ್ಲ ಬೆರಳಿನಷ್ಟು ಮಣ್ಣನ್ನು ಹಳೆಯ ಸ್ಟೋನ್‌ವೇರ್ ಬಟ್ಟಲಿನಲ್ಲಿಟ್ಟು ಮೊದಲು ಸುಡುತ್ತೇನೆ. ಕರಗಿದರೆ ಬಟ್ಟಲಿನಲ್ಲಿಯೇ ಕರಗಲಿ.

ಕೆಂಪು ಮಣ್ಣನ್ನು ಅದರ ಸರಿಯಾದ ಶಾಖದಲ್ಲಿಯೇ ಸುಟ್ಟು ಮೇಲೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ನೋಟಕ್ಕೆ ಸಾಕು, ನಿತ್ಯದ ಬಳಕೆಗೆ ಸಾಲದು. ಆ ಶಾಖದಲ್ಲಿ ಮಣ್ಣಿನೊಳಗಿನ ರಂಧ್ರಗಳು ಮುಚ್ಚಿರುವುದಿಲ್ಲ. ಗ್ಲೇಜಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಸಾಕು, ಹಾಲು ಬೆರೆತ ಚಹಾ ಒಳಗೆ ಇಳಿದು, ತಿಂಗಳೊಳಗೆ ಕಪ್ಪಿನ ತಳ ಕಂದಾಗಿ ಮುಗ್ಗಲು ವಾಸನೆ ಬರುತ್ತದೆ. ರಂಧ್ರವಿರುವುದು ಎಲ್ಲ ಕಡೆಯೂ ದೋಷವಲ್ಲ ಎನ್ನುವುದೂ ನಿಜ: ಮುಹಮ್ಮದ್ ಆದಿಲ್ ಶಾಹನ ಕಾಲದ ಬೇಗಂ ತಲಾಬಿನಿಂದ ವಿಜಯಪುರಕ್ಕೆ ನೀರು ಬರುತ್ತಿದ್ದುದು ಮಣ್ಣಿನ ಕೊಳವೆಗಳಲ್ಲಿಯೇ. ಆದರೆ ಆ ಕೊಳವೆಗಳ ಸುತ್ತ ಗಾರೆಯ ಕಟ್ಟಡವಿತ್ತು; ನಿಮ್ಮ ಕಪ್ಪಿನ ಕೆಳಗೆ ಇರುವುದು ಮೇಜಿನ ಬಟ್ಟೆ.

ನೀರು ಹೀರುವ ಪ್ರಮಾಣವನ್ನೂ ಮನೆಯಲ್ಲಿಯೇ ಅಳೆಯಬಹುದು. ಗ್ಲೇಜ್ ಹಾಕದೆ ಸುಟ್ಟ ಪಟ್ಟಿಯನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಎರಡು ತಾಸು ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಬೆಳಿಗ್ಗೆ ಮೈ ಒರೆಸಿ ಮತ್ತೆ ತೂಗಿರಿ. 100 ಗ್ರಾಂ ಇದ್ದದ್ದು 112 ಆದರೆ ಹೀರುವಿಕೆ ಶೇಕಡಾ 12. ಇದು ಕುಂಡಕ್ಕೆ ಒಪ್ಪುವ ಅಂಕಿ. ಚಹಾ ಕಪ್ಪಿಗೆ ಶೇಕಡಾ 2ರ ಆಸುಪಾಸಿನಲ್ಲಿ ಅಥವಾ ಅದಕ್ಕೂ ಕಡಿಮೆ ಇರಬೇಕು. ಚೈನಾ ಕ್ಲೇ, ಬಾಲ್ ಕ್ಲೇ, ಫೆಲ್ಡ್‌ಸ್ಪಾರ್ ಮತ್ತು ಕ್ವಾರ್ಟ್ಜ್ ಬೆರೆಸಿ ಸಿದ್ಧಪಡಿಸಿದ ಸ್ಟೋನ್‌ವೇರ್ ಮಣ್ಣು 1200ರಿಂದ 1250 ಡಿಗ್ರಿಯಲ್ಲಿ ಈ ಮಟ್ಟಕ್ಕೆ ಬರುತ್ತದೆ, ಏಕೆಂದರೆ ಫೆಲ್ಡ್‌ಸ್ಪಾರ್ ಗಾಜಿನಂತೆ ಕರಗಿ ರಂಧ್ರಗಳನ್ನು ತುಂಬುತ್ತದೆ.

ಚೀಲ ತರಿಸುವಾಗ ವ್ಯಾಪಾರಿಗೆ ಮೂರು ಅಂಕಿಗಳನ್ನು ಕೇಳಿರಿ: ಸುಡುವ ಶಾಖ, ಒಟ್ಟು ಕುಗ್ಗುವಿಕೆ, ನೀರು ಹೀರುವಿಕೆ. ಇವನ್ನು ಹೇಳದೆ ಬಣ್ಣವನ್ನಷ್ಟೇ ಹೊಗಳುವವರಿಂದ ಕೊಳ್ಳದಿರುವುದು ಒಳ್ಳೆಯದು. ತಿಗರಿಯ ಮೇಲೆ ಕಪ್ಪು ಎತ್ತಲು ನುಣುಪಾದ ಮಣ್ಣು ಬೇಕು. ಅಗಲವಾದ ತಟ್ಟೆಗಳಿಗೆ ಸಣ್ಣ ಗ್ರಾಗ್, ಅಂದರೆ ಸುಟ್ಟ ಮಣ್ಣಿನ ಪುಡಿ, ಬೆರೆತ ಮಣ್ಣಾದರೆ ಅಂಚು ಸೊಟ್ಟಗಾಗುವುದಿಲ್ಲ. ಪಿಂಗಾಣಿಯ ಅಚ್ಚಬಿಳುಪಿಗೆ ಮರುಳಾಗಿ ಪೋರ್ಸೆಲೇನ್ ಮಣ್ಣನ್ನು ಮೊದಲ ವರ್ಷವೇ ಮುಟ್ಟಬೇಡಿರಿ. ಅದು ತಿಗರಿಯ ಮೇಲೆ ಬೆಣ್ಣೆಯಂತೆ ಜಾರುತ್ತದೆ, ಕುಗ್ಗುವುದೂ ಶೇಕಡಾ 15ರಷ್ಟು. ಸ್ಟೋನ್‌ವೇರ್ ಒಟ್ಟು ಶೇಕಡಾ 12 ಕುಗ್ಗುತ್ತದೆ ಎಂದಿಟ್ಟುಕೊಂಡರೆ, 8 ಸೆಂಟಿಮೀಟರ್ ಎತ್ತರದ ಕಪ್ಪು ಬೇಕಾದಾಗ ಹಸಿಯಲ್ಲಿ 9.1 ಸೆಂಟಿಮೀಟರ್ ಎತ್ತಬೇಕಾಗುತ್ತದೆ, 8ನ್ನು 0.88ರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಗ್ಲೇಜನ್ನೂ ಅದೇ ಶಾಖಕ್ಕೆ ಹೊಂದುವಂಥದ್ದನ್ನೇ, ಸೀಸವಿಲ್ಲದ್ದನ್ನೇ ಕೊಳ್ಳಿರಿ. ಕೆಂಪು ಮಣ್ಣನ್ನು ಕುಂಡ, ಪಣತಿಗಳಿಗೆ ಇಟ್ಟುಕೊಳ್ಳಿರಿ, ಆದರೆ ಒಂದೇ ಸುಡುವಿಕೆಯಲ್ಲಿ ಎರಡನ್ನೂ ಸೇರಿಸಬೇಡಿರಿ.

ಪ್ರಶ್ನೆ: ಗ್ಯಾಸ್ ಒಲೆಯ ಮೇಲೆ ಇಟ್ಟರೆ ಸೀಳದಂತಹ ಸಾರಿನ ಗಡಿಗೆ ಮತ್ತು ರೊಟ್ಟಿಯ ಹಂಚು ಮಾಡಲು ಯಾವ ಮಣ್ಣು ಬೇಕು? ಸ್ಟೋನ್‌ವೇರ್ ಗಟ್ಟಿ ಎಂದು ಕೇಳಿದ್ದೇನೆ. (ವಿಜಯಪುರದ ಓದುಗರು)

ಉತ್ತರ: ಸ್ಟೋನ್‌ವೇರ್ ಗಟ್ಟಿ ಎನ್ನುವುದು ನಿಜ, ಆದರೆ ಆ ಗಟ್ಟಿತನವೇ ಇಲ್ಲಿ ಶತ್ರು. ಉರಿ ತಾಗಿದ ಕಡೆ ಪಾತ್ರೆ ಹಿಗ್ಗುತ್ತದೆ, ತಾಗದ ಕಡೆ ಹಿಗ್ಗುವುದಿಲ್ಲ. ಗಾಜಿನಂತೆ ಬಿಗಿದುಕೊಂಡ ಮೈಯಲ್ಲಿ ಒಂದು ಬಿರುಕು ಹುಟ್ಟಿದರೆ ತಡೆಯಿಲ್ಲದೆ ಆಚೆಯವರೆಗೆ ಓಡುತ್ತದೆ. ಕಡಿಮೆ ಶಾಖದಲ್ಲಿ ಸುಟ್ಟ, ಒರಟು ಪುಡಿ ಬೆರೆತ, ರಂಧ್ರಗಳಿರುವ ಮಣ್ಣಿನಲ್ಲಿ ಅದೇ ಬಿರುಕು ಮುಂದಿನ ರಂಧ್ರದಲ್ಲೋ ಕಾಳಿನಲ್ಲೋ ಸಿಕ್ಕಿ ನಿಂತುಬಿಡುತ್ತದೆ. ಹಳ್ಳಿಯ ಗಡಿಗೆ ಒಲೆಯ ಮೇಲೆ ವರ್ಷಗಟ್ಟಲೆ ಬಾಳುವುದು ಇದೇ ಕಾರಣಕ್ಕೆ.

ಕೆಂಪು ಜೇಡಿಗೆ ಸುಟ್ಟ ಗಡಿಗೆಯ ಪುಡಿಯನ್ನು ನೂರಕ್ಕೆ 20ರಿಂದ 30 ಭಾಗ ಬೆರೆಸಿ, 800ರಿಂದ 900 ಡಿಗ್ರಿಯೊಳಗೆ ಸುಡಿರಿ. ಉಸುಕಿಗಿಂತ ಪುಡಿ ಮೇಲು. ಉಸುಕಿನಲ್ಲಿರುವ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುವುದರಿಂದ, ನೀರಿಲ್ಲದೆ ಬರಿದಾಗಿ ಕಾಯುವ ಹಂಚಿನಂಥ ಪಾತ್ರೆಗೆ ಅದು ಒಳ್ಳೆಯದಲ್ಲ. ಮಣ್ಣಿನಷ್ಟೇ ಆಕಾರವೂ ಮುಖ್ಯ. ನಮ್ಮ ಕಡೆಯ ಗಡಿಗೆಯ ತಳ ದುಂಡಗಿರುವುದಕ್ಕೂ, ಹಂಚು ನಡುವೆ ತುಸು ತಗ್ಗಾಗಿರುವುದಕ್ಕೂ ಕಾರಣವಿದೆ: ಮೂಲೆಯಿಲ್ಲದ ಮೈ ಒಂದೇ ಸಮನಾಗಿ ಹಿಗ್ಗುತ್ತದೆ. ಗ್ಯಾಸ್ ಒಲೆಗೆಂದು ತಳವನ್ನು ಚಪ್ಪಟೆ ಮಾಡಿ ಗೋಡೆಯೊಂದಿಗೆ ಮೂಲೆ ಮಾಡಿದರೆ ಬಿರುಕು ಆ ಮೂಲೆಯಿಂದಲೇ ಹೊರಡುತ್ತದೆ. ಹಂಚಿನ ಅಂಚನ್ನು ಬೆರಳ ತುದಿಯಿಂದ ತಟ್ಟಿ, ದಪ್ಪ ಎಲ್ಲ ಕಡೆ ಒಂದೇ ಇದೆಯೇ ಎಂದು ಹಸಿಯಲ್ಲಿಯೇ ನೋಡಿಕೊಳ್ಳಿರಿ.

ಒಳಗೆ ಗ್ಲೇಜ್ ಹಾಕಬೇಡಿರಿ. ಇಷ್ಟು ಕಡಿಮೆ ಶಾಖದಲ್ಲಿ ಸುಲಭವಾಗಿ ಕರಗುವ ಗ್ಲೇಜುಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಹುಣಸೆಹಣ್ಣಿನ ಸಾರಿನ ಹುಳಿ ಅದನ್ನು ಅನ್ನಕ್ಕೆ ಬಿಡಿಸಿಕೊಡುತ್ತದೆ. ಅದಕ್ಕೆ ಬದಲಾಗಿ ಹೊಸ ಗಡಿಗೆಯನ್ನು ಒಂದು ದಿನ ನೀರಿನಲ್ಲಿಟ್ಟು, ಅನಂತರ ಅಕ್ಕಿಯ ಗಂಜಿಯನ್ನು ಸಣ್ಣ ಉರಿಯಲ್ಲಿ ಎರಡು-ಮೂರು ಸಲ ಕುದಿಸಿರಿ. ಗಂಜಿಯ ಪಿಷ್ಟ ರಂಧ್ರಗಳನ್ನು ತುಂಬಿ ಜಿನುಗುವುದನ್ನು ನಿಲ್ಲಿಸುತ್ತದೆ.

ಪ್ರಶ್ನೆ: ಮಾರುಕಟ್ಟೆಯಿಂದ ತಂದ ನುಣುಪಾದ, ಬಣ್ಣ ಬಳಿದ ಹರವಿಯಲ್ಲಿ ನೀರು ತಣ್ಣಗಾಗುವುದಿಲ್ಲ. ಮಣ್ಣಿನ ದೋಷವೇ? (ಬಾಗಲಕೋಟೆಯ ಓದುಗರು)

ಉತ್ತರ: ಬಣ್ಣದ ದೋಷ. ಹರವಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಪ್ರತಿ ಗ್ರಾಮಿಗೆ ಸುಮಾರು 580 ಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಎಣ್ಣೆಬಣ್ಣ ಆ ದಾರಿಯನ್ನು ಮುಚ್ಚುತ್ತದೆ. ಹರವಿಯನ್ನು ನೀವೇ ಮಾಡುವುದಾದರೆ ಮಣ್ಣಿಗೆ ಜರಡಿ ಹಿಡಿದ ಬೂದಿ, ಕಟ್ಟಿಗೆಯ ಹೊಟ್ಟು ಅಥವಾ ಒಣಗಿದ ಕುದುರೆ ಲದ್ದಿಯ ಪುಡಿಯನ್ನು ಬೆರೆಸಿರಿ. ಹೊಟ್ಟು ಮತ್ತು ಲದ್ದಿ ಸುಡುವಾಗ ಉರಿದುಹೋಗಿ, ಇದ್ದ ಜಾಗದಲ್ಲಿ ರಂಧ್ರ ಬಿಟ್ಟುಹೋಗುತ್ತವೆ. ಮೇಲೆ ಕೆಮ್ಮಣ್ಣಿನ ತೆಳು ಲೇಪ ಸಾಕು.

ಪ್ರಶ್ನೆ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಣ್ಣಿನ ಕೆಲಸ ಕಲಿಸಬೇಕೆಂದಿದ್ದೇನೆ. ಭಟ್ಟಿ ಇಲ್ಲ, ಮಣ್ಣು ತರಿಸಲು ಹಣವೂ ಇಲ್ಲ. (ಸವದತ್ತಿ ತಾಲ್ಲೂಕಿನ ಶಿಕ್ಷಕಿಯೊಬ್ಬರು)

ಉತ್ತರ: ನಿಮಗೆ ಭಟ್ಟಿಯೂ ಬೇಡ, ಹಣವೂ ಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎತ್ತು ಮಾಡುವ ಕರಿ ಮಣ್ಣೇ ನಿಮ್ಮ ತರಗತಿಗೆ ಸಾಕು. ಜಮಖಂಡಿಯ ಓದುಗರಿಗೆ ತೊಂದರೆಯಾದ ಎರೆಯ ಜಿಗುಟು ಇಲ್ಲಿ ಉಪಕಾರಿ: ಮಕ್ಕಳ ಸಣ್ಣ ಬೆರಳುಗಳು ಕೋಡನ್ನೂ ಇಣಿಯನ್ನೂ ಎಳೆದು ತೆಗೆಯಲು ಅಷ್ಟು ಜಿಗುಟು ಬೇಕೇ ಬೇಕು. ಸುಡುವುದಿಲ್ಲವಾದ್ದರಿಂದ ಸುಣ್ಣದ ಹರಳಿನ ಭಯವಿಲ್ಲ. ಕೈಗೆ ಚುಚ್ಚುವ ಹರಳು, ಗಾಜಿನ ಚೂರು ಇರದಂತೆ ಸೋಸಿದರಾಯಿತು. ಬಿರುಕು ಬೀಳದಿರಲು ಬಿಡಿಸಿದ ಅರಳೆಯನ್ನು ಅಥವಾ ನೆನೆಸಿ ರುಬ್ಬಿದ ಹಳೆಯ ಪತ್ರಿಕೆಯ ಕಾಗದವನ್ನು ಮಣ್ಣಿನಲ್ಲಿ ಚೆನ್ನಾಗಿ ನಾದಿರಿ. ನಾರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಮತ್ತು ಒಣಗಿದ ಎತ್ತಿನ ಕಾಲು ಮುರಿದರೆ ಕಾಗದ ಬೆರೆಸಿದ ರಾಡಿಯಿಂದ ಅಂಟಿಸಲೂ ಬರುತ್ತದೆ. ಗೊಂಬೆ ಗೇಣುದ್ದ ಮೀರದಿರಲಿ, ಹೊಟ್ಟೆಯ ಭಾಗ ಹೆಬ್ಬೆರಳಿಗಿಂತ ದಪ್ಪ ಬೇಡ. ವರ್ಷದ ಕೊನೆಯಲ್ಲಿ ಎಲ್ಲವನ್ನೂ ಬಕೆಟ್ಟಿನ ನೀರಿಗೆ ಹಾಕಿದರೆ ಅದೇ ಮಣ್ಣು ಮುಂದಿನ ತರಗತಿಗೆ ಸಿಗುತ್ತದೆ. ಮಕ್ಕಳು ಇದಕ್ಕೆ ಒಪ್ಪುವುದು ಕಷ್ಟ. ಒಂದೊಂದು ಗೊಂಬೆಯನ್ನು ಮನೆಗೆ ಕೊಟ್ಟುಬಿಡಿರಿ.

ಪ್ರಶ್ನೆ: ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಮಣ್ಣು ಎರಡು ತಿಂಗಳಲ್ಲಿ ಕಪ್ಪಾಗಿ ಕೊಳೆತ ವಾಸನೆ ಬರುತ್ತಿದೆ. ಚೆಲ್ಲಬೇಕೇ? (ಮುಧೋಳದ ಓದುಗರು)

ಉತ್ತರ: ಚೆಲ್ಲಬೇಡಿರಿ. ಅದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಕೆಲಸ. ಹೀಗೆ ಹಳತಾದ ಮಣ್ಣು ಹೆಚ್ಚು ಮೆತುವಾಗಿ ತಿಗರಿಯ ಮೇಲೆ ಚೆನ್ನಾಗಿ ಏಳುತ್ತದೆ. ಕಪ್ಪು ಬಣ್ಣ ಮತ್ತು ವಾಸನೆ ಎರಡೂ ಸುಡುವಾಗ ಹೋಗುತ್ತವೆ. ಕೈಗೆ ಗಾಯವಿದ್ದರೆ ಮಾತ್ರ ಮಾಯುವವರೆಗೆ ಆ ಮಣ್ಣನ್ನು ಮುಟ್ಟಬೇಡಿರಿ, ಮತ್ತು ನಾದುವ ಮೊದಲು ಕಿಟಕಿ ತೆರೆದಿಡಿರಿ.